ಹನ್ನೆರಡನೆಯವಳು

ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿ ನಿವೃತ್ತಳಾದವಳಿಗೆ ಮನೆಯಲ್ಲಿ ಕೈ ಸುಮ್ಮನಿರುತ್ತಿರಲಿಲ್ಲ. ಮಾತ್ರೆಯ ಡಬ್ಬಿಯ ಮೇಲೂ ಕಾಗುಣಿತದ ತಪ್ಪು ಹುಡುಕುತ್ತಿದ್ದಳು. ಅಂತರ್ಜಾಲದಲ್ಲಿ ಒಂದು ವಿಶ್ವಕೋಶವಿದೆ, ಅದನ್ನು ಯಾರು ಬೇಕಾದರೂ ತಿದ್ದಬಹುದು ಎಂದು ಪಕ್ಕದ ಮನೆಯ ಗ್ರಂಥಪಾಲಕಿ ಹೇಳಿದಾಗ ಅವಳು ಮೂಗು ಮುರಿದಳು.

“ಯಾರು ಬೇಕಾದ್ರೂ ತಿದ್ದೋದಾದ್ರೆ ಅದು ವಿಶ್ವಕೋಶ ಅಲ್ಲ, ಸಂತೆ.”

“ಸಂತೇನೇ ಅನ್ನಿ. ಆದ್ರೆ ತಕ್ಕಡಿ ಹಿಡ್ಕೊಂಡು ಕೂತಿರೋರು ಬೇಕಾದಷ್ಟು ಜನ ಇದ್ದಾರೆ,” ಎಂದು ನಕ್ಕ ಗ್ರಂಥಪಾಲಕಿ ಅವಳ ಕಂಪ್ಯೂಟರಿನಲ್ಲಿ ಖಾತೆ ತೆರೆದುಕೊಟ್ಟಳು. ಹೆಸರೇನಿಡಲಿ ಎಂದು ಕೇಳಿದ್ದಕ್ಕೆ, “ಕೆಂಪುಶಾಯಿ” ಎಂದಳು.

ಮೊದಲ ವಾರವೆಲ್ಲ ಅಲ್ಪಪ್ರಾಣ, ಮಹಾಪ್ರಾಣ, ಬಿಟ್ಟುಹೋದ ಒತ್ತುಗಳಲ್ಲೇ ಕಳೆಯಿತು. ಹಳಬನೊಬ್ಬ, ‘ಹಳೇಪುಟ’ ಎಂಬ ಹೆಸರಿನವನು, “ಸ್ವಾಗತ, ನಿಮ್ಮಂಥ ಕಣ್ಣು ಇಲ್ಲಿಗೆ ಬೇಕಿತ್ತು” ಎಂದು ಬರೆದ. ಹೊಗಳಿಕೆಗೆ ಒಗ್ಗದ ಜೀವ ಅದನ್ನು ಮೂರು ಸಲ ಓದಿತು.

ಎಂಟನೆಯ ದಿನ ಊರಿನ ನೂಲಿನ ಗಿರಣಿಯ ಪುಟ ಸಿಕ್ಕಿತು. ನಾಲ್ಕೇ ಸಾಲು. ‘ಬೆಂಕಿ ಅನಾಹುತದಲ್ಲಿ ಹನ್ನೊಂದು ಕಾರ್ಮಿಕರು ಸತ್ತರು.’ ಅಭ್ಯಾಸಬಲದಿಂದ ‘ಹನ್ನೊಂದು ಮಂದಿ’ ಎಂದು ತಿದ್ದಿದಳು. ಆಮೇಲೆ ಸಂಖ್ಯೆಯ ಮೇಲೆ ಕಣ್ಣು ನಿಂತಿತು.

ನೂಲು ಸುತ್ತುವ ವಿಭಾಗದಲ್ಲಿದ್ದ ಅಕ್ಕ ಅವತ್ತು ತನ್ನ ಕಾಲ ಮೇಲೇ ಮನೆಗೆ ನಡೆದು ಬಂದಿದ್ದಳು. ಹೊಗೆ ಎದೆಯೊಳಗೆ ಉಳಿದಿತ್ತು. ಹತ್ತೊಂಬತ್ತನೆಯ ದಿನ ಒಳಕೋಣೆಯಲ್ಲಿ ಉಸಿರು ನಿಂತಿತು. ಬೀಸಣಿಗೆ ಹಿಡಿದು ಪಕ್ಕದಲ್ಲಿ ಕೂತಿದ್ದ ತಂಗಿಗೆ ಆಗ ಹದಿನಾಲ್ಕು.

ಅವಳು ‘ಹನ್ನೆರಡು’ ಎಂದು ಬರೆದಳು. ಅರ್ಧ ಗಂಟೆಯೊಳಗೆ ಅದು ಮತ್ತೆ ಹನ್ನೊಂದಾಯಿತು. ಹಳೇಪುಟ ಮೆತ್ತಗೇ ಬರೆದಿದ್ದ: “ಕ್ಷಮಿಸಿ. ನಿಮಗೆ ಗೊತ್ತಿರುವುದು ಸಾಲದು, ಅಚ್ಚಾದ ಆಧಾರ ಬೇಕು.”

ಆಧಾರ ತಾನೇ, ತರುತ್ತೇನೆ ಎಂದು ಹೊರಟಳು. ಗ್ರಂಥಾಲಯದ ಹಳೆಯ ಪತ್ರಿಕೆಗಳಲ್ಲಿ ಹನ್ನೊಂದೇ. ಪುರಸಭೆಯ ದಾಖಲೆ ಕೋಣೆಯ ಗುಮಾಸ್ತ ನಾಲ್ಕು ದಿನ ಅಲೆದಾಡಿಸಿ ಅಕ್ಕನ ಮರಣಪತ್ರದ ನಕಲು ಕೊಟ್ಟ. ಸಾವಿನ ಕಾರಣ: ಬಹುಕಾಲದ ಎದೆರೋಗ. ಮಾಹಿತಿ ನೀಡಿದವರು: ಗಂಡ. ಕೆಳಗೆ ಭಾವನ ಸಹಿ.

ಎರಡು ಬಿಂದಿಗೆ ನೀರು ಹೊತ್ತು ಮೂರು ಮಹಡಿಯನ್ನು ಒಂದೇ ಉಸಿರಿಗೆ ಹತ್ತುತ್ತಿದ್ದವಳಿಗೆ ಎದೆರೋಗ!

ಭಾವ ಎರಡು ಬೀದಿಯಾಚೆ, ಮಗಳ ಮನೆಯಲ್ಲಿದ್ದರು. ಎಂಬತ್ತರ ಹತ್ತಿರ. ಕಾಗದವನ್ನು ಅವರ ಮುಂದಿಟ್ಟಳು.

“ಇದು ನಿಮ್ಮ ಸಹಿ ತಾನೇ, ಭಾವ?”

ಅವರು ಕನ್ನಡಕ ಹಾಕಿಕೊಳ್ಳಲಿಲ್ಲ. “ಇದನ್ನೆಲ್ಲ ಯಾಕೆ ಕೆದಕೋಕೆ ಹೋದೆ, ಪುಟ್ಟಿ?”

“ಅಕ್ಕನಿಗೆ ಯಾವ ಕಾಯಿಲೆ ಇತ್ತು, ಹೇಳಿ.”

“ಏನೂ ಇರ್ಲಿಲ್ಲ.” ಕಾಗದವನ್ನು ಅವಳ ಕಡೆಗೇ ಸರಿಸಿದರು. “ಗಿರಣಿ ಮ್ಯಾನೇಜರೇ ಮನೆಗೆ ಬಂದಿದ್ದ. ಹನ್ನೊಂದಕ್ಕೆ ನಿಂತಿದೆ, ಹನ್ನೊಂದಕ್ಕೇ ಇರಲಿ ಅಂದ. ಸಹಿ ಹಾಕಿದ್ರೆ ಗೋದಾಮಿನಲ್ಲಿ ಖಾಯಂ ಕೆಲಸ, ಇಲ್ದಿದ್ರೆ ಇದ್ದದ್ದೂ ಹೋಗುತ್ತೆ ಅಂದ. ಮಗು ತೊಟ್ಟಿಲಲ್ಲಿತ್ತು. ನೀನು ಒಂಬತ್ತನೇ ಕ್ಲಾಸು. ಅಪ್ಪ ಅಮ್ಮ ಇಲ್ದೋಳನ್ನ ಎಲ್ಲಿಗೆ ಕಳಿಸ್ಲಿ?”

ಬೈಯಬೇಕೆಂದೇ ಬಂದಿದ್ದಳು. ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಆ ಗೋದಾಮಿನ ಅನ್ನ ತಿಂದೇ ಅವಳು ಓದಿದ್ದು. ತಪ್ಪು ಹುಡುಕುವ ವಿದ್ಯೆ ಕಲಿತದ್ದೂ ಅದರಿಂದಲೇ. ಯಾರ ಮೇಲೆ ಸಿಟ್ಟಾಗುವುದು? ಮ್ಯಾನೇಜರು ಎಂದೋ ಸತ್ತಿದ್ದ, ಗಿರಣಿಗೆ ಬೀಗ ಬಿದ್ದು ವರ್ಷಗಳಾಗಿದ್ದವು.

ಮೂರನೆಯ ದಿನ ಭಾವ ಕೋಲೂರಿಕೊಂಡು ಅವಳ ಮನೆಗೇ ಬಂದರು. ನಡುಗುವ ಅಕ್ಷರದಲ್ಲಿ ನಡೆದದ್ದನ್ನೆಲ್ಲ ಎರಡು ಪುಟ ಬರೆದು ತಂದಿದ್ದರು. “ತಗೋ. ಇದನ್ನ ಹಾಕು. ನನ್ನ ಹೆಸರು ಹಾಳಾದ್ರೂ ಪರವಾಗಿಲ್ಲ.”

ಅವಳು ಹಳೇಪುಟನನ್ನು ಕೇಳಿದಳು. ಮನೆಮಂದಿಯ ಕೈಬರಹ ಆಧಾರವಾಗದು, ಪತ್ರಿಕೆಯಲ್ಲಿ ಬಂದರೆ ನೋಡೋಣ ಎಂಬ ಉತ್ತರ ಬಂತು. ಪತ್ರಿಕಾ ಕಚೇರಿಗೂ ಹೋದಳು. ಉಪಸಂಪಾದಕಿ ಎರಡೂ ಪುಟ ಓದಿ, ಮಡಚಿ, ವಾಪಸು ಕೊಟ್ಟಳು. “ಓದಿದ್ರೆ ಸಂಕಟ ಆಗುತ್ತಮ್ಮ. ಆದ್ರೆ ಐವತ್ತು ವರ್ಷದ ಹಿಂದಿನ ಮಾತು, ಒಬ್ಬರೇ ಸಾಕ್ಷಿ. ನಮ್ಮಲ್ಲಿ ಹಾಕಲ್ಲ.”

ಸುದ್ದಿ ಕೇಳಿದ ಭಾವ ಒಣನಗೆ ನಕ್ಕರು. “ನೋಡು, ನಾನು ಹೇಳಿದ ಸುಳ್ಳಿಗೆ ಅವತ್ತೇ ಮೊಹರು ಬಿತ್ತು. ನಿಜಕ್ಕೆ ಯಾರೂ ಹಾಕ್ತಿಲ್ಲ.”

ಪ್ರತಿ ಪುಟದ ಹಿಂದೆಯೂ ಒಂದು ಚರ್ಚೆಯ ಪುಟವಿರುತ್ತದೆ, ಅಲ್ಲಿ ಬರೆಯಬಹುದು ಎಂದು ಹಳೇಪುಟನೇ ದಾರಿ ತೋರಿಸಿದ. ಅವಳು ಬರೆದಳು: ‘ದಾಖಲೆಯಲ್ಲಿ ಹನ್ನೊಂದು. ನೂಲು ಸುತ್ತುವ ವಿಭಾಗದ ಇನ್ನೊಬ್ಬಳು ಹತ್ತೊಂಬತ್ತು ದಿನಗಳ ನಂತರ ಹೊಗೆಯಿಂದ ಸತ್ತಳು. ನನ್ನ ಬಳಿ ಆಧಾರವಿಲ್ಲ.’ ಭಾವನಿಗೆ ಗಟ್ಟಿಯಾಗಿ ಓದಿ ಹೇಳಿದಳು. ಅವರು ತಲೆಯಾಡಿಸಿ, “ಅಷ್ಟು ಸಾಕು,” ಎಂದರು. ಸಾಕಾಗಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ಎರಡು ತಿಂಗಳಿಗೆ ಭಾವ ಹೋದರು. ಆಸ್ಪತ್ರೆಯವರು ಮರಣಪತ್ರದಲ್ಲಿ ಬರೆದ ಕಾರಣವನ್ನು ಅವಳು ಅಕ್ಷರ ಅಕ್ಷರವಾಗಿ ಓದಿ, ಸರಿಯಾಗಿದೆ ಎಂದು ಹೇಳಿದ ಮೇಲೆಯೇ ಮಗಳು ಸಹಿ ಹಾಕಿದಳು.