ಹಳದಿ ಗೆರೆಯ ಪಾನಾ

ಟಕ್, ಟಕ್ — ಕಾಲಡಿಯ ಹಲಗೆಯ ಕೆಳಗೆ ಏನೋ ಬಡಿದುಕೊಳ್ಳುತ್ತಿದೆ, ಬಸ್ಸು ಇನ್ನೂ ಓಝರ್ ಊರಿನ ಶೆಡ್ಡಿನ ಬಾಗಿಲಲ್ಲೇ ನಿಂತು ಗುರುಗುಡುತ್ತಿದೆ, ಮುದಿ ಎಂಜಿನ್ನು, ಸದ್ದು ಮಾಡದೆ ಇದ್ದೀತೇ ಎಂದು ಸಂಗಮನಾಥ ತನಗೆ ತಾನೇ ಸಮಾಧಾನ ಹೇಳಿಕೊಂಡ, ಆದರೂ ಕಣ್ಣು ಕಿಟಕಿ ದಾಟಿ ಶೆಡ್ಡಿನ ಗೋಡೆಗೇ ಹೋಯಿತು, ಅಲ್ಲಿ ಸಾಮಾನು ತೂಗುಹಾಕುವ ಹಲಗೆ, ಒಂದೊಂದಕ್ಕೂ ಅದರದೇ ಆಕಾರದ ಹಳದಿ ಗೆರೆ, ಸುತ್ತಿಗೆಗೆ ಸುತ್ತಿಗೆಯದು, ಇಕ್ಕಳಕ್ಕೆ ಇಕ್ಕಳದ್ದು, ಮೂಲೆಯಲ್ಲಿ ಬೋಲ್ಟು ಬಿಗಿಯುವ ಸಣ್ಣ ಪಾನಾದ್ದು, ಕುತ್ತಿಗೆ ಸೊಟ್ಟ, ಒಳಗೆ ಬರಿದು. ತಾನೂ ಗೆಳೆಯನೂ ದುಡಿದ ವಿಮಾನ ಕಾರ್ಖಾನೆಯ ಪದ್ಧತಿ ಅದು, ಗೆರೆ ಖಾಲಿ ಕಂಡರೆ ವಿಮಾನ ನೆಲ ಬಿಡುವಂತಿಲ್ಲ, ಪಾನಾ ಅದರ ಹೊಟ್ಟೆಯೊಳಗೇ ಉಳಿದಿದೆ ಎಂದು ಅರ್ಥ, ಆ ಪದ್ಧತಿಯನ್ನು ಈ ಹಳೇ ಬಸ್ಸುಗಳ ಮ್ಯೂಸಿಯಮ್ಮಿಗೂ ತಂದವನು ವಿಶ್ವನಾಥಪ್ಪ, ಗೆರೆಗಳನ್ನೆಲ್ಲ ಕೈಯಾರೆ ಬರೆದವನು, ದೀಪಾವಳಿಗೆ ಮುಂಚೆ ತೀರಿಕೊಂಡ ಗೆಳೆಯ — ಮತ್ತೆ ಆ ಮೂಲೆಯ ಗೆರೆ ಮಾತ್ರ ಯಾಕೆ ಹೀಗೆ ಹೊಳೆಯುತ್ತಿದೆ, ಸತ್ತವನು ಈಗಷ್ಟೇ ಬಂದು ಬರೆದುಹೋದ ಹಾಗೆ.

ಬೆಳಿಗ್ಗೆ ಬಸ್ಸಿನಡಿ ಮಲಗಿ ಬ್ರೇಕಿನ ಸರಳು ಬಿಗಿದದ್ದು ನೆನಪಿದೆ, ಆ ಸೊಟ್ಟ ಪಾನಾ ಅಂಗೈಯಲ್ಲಿ ತಣ್ಣಗೆ ಕೂತದ್ದೂ ನೆನಪಿದೆ, ಎಲ್ಲಿ ಇಟ್ಟೆ ಎಂಬುದೊಂದೇ ಇಲ್ಲ, ಸರಳಿನ ಸಂದಿಯಲ್ಲೇ ಉಳಿದಿದ್ದರೆ, ಇಳಿಜಾರಿನಲ್ಲಿ ಬ್ರೇಕು ಹಿಡಿಯದಿದ್ದರೆ, ದೇವರೇ, ಮುಂದಿನ ಸೀಟಿನಲ್ಲಿ ಹೆಂಡತಿ ಚನ್ನಮ್ಮ ಕೂತಿದ್ದಾಳೆ, ತೊಡೆಯ ಮೇಲೆ ಶೇಂಗಾ ಹೋಳಿಗೆಯ ಡಬ್ಬಿ, ಸಂಭಾಜಿನಗರ ಮುಟ್ಟಿದ ಮೇಲೇ ತೆಗೆಯೋದು ನೋಡ್ರಿ ಎಂದು ಎಲ್ಲರಿಗೂ ತಾಕೀತು ಮಾಡಿದ್ದಾಳೆ, ಬಸ್ಸಿನ ನೆತ್ತಿಯ ಮೇಲೆ ಇನ್ನೂ ಆ ಊರಿನ ಹಳೇ ಹೆಸರು, ಔರಂಗಾಬಾದ್ ಎಂಬ ಬೋರ್ಡು, ಹಳೇ ಬಸ್ಸು ಹಳೇ ಊರಿಗೇ ಹೋಗಲಿ ಬಿಡ್ರಿ ಎಂದು ನಕ್ಕಿದ್ದ ಶೆಡ್ಡಿನ ಉಸ್ತುವಾರಿಯ ರವಿಕಾಂತ, ಈಗ ಸ್ಟೀರಿಂಗ್ ಹಿಡಿದು ಕೂತವನೂ ಅವನೇ. ಅವನನ್ನು ಆಗಲೇ ಒಮ್ಮೆ ಕೇಳಿಯಾಯಿತು, ಅಂಥಾ ಪಾನಾ ನಮ್ಮ ಕಡೆ ಎಂದೂ ಇದ್ದಿಲ್ರಿ ಕಾಕಾ, ಅದು ನಿಮ್ಮ ಕಾರ್ಖಾನ್ಯಾಗಿಂದು ಇರಬೇಕು, ಎಲ್ಲಾ ಸಾಮಾನ ಜಾಗಾದಾಗ ಅದ, ನಡೀರಿ ಹತ್ರಿ ಎಂದ. ಮುಂಚೆಯೂ ಒಂದು ಸಲ ಹೀಗೇ ಇಲ್ಲದ್ದು ಹುಡುಕಿಸಿದ್ದಕ್ಕೆ ಅವನೇ ಮೆತ್ತಗೆ ಅಂದಿದ್ದ, ಇನ್ಮ್ಯಾಗ ಕುರ್ಚಿ ಮ್ಯಾಲ ಕುಂತು ಹೇಳ್ರಿ ಕಾಕಾ, ಕೈ ಹಚ್ಚಬ್ಯಾಡ್ರಿ. ಅರವತ್ತಕ್ಕೆ ಅರಳು ಮರಳು, ಎಪ್ಪತ್ತಕ್ಕೆ ಏನೋ — ಈ ಸಲವೂ ಸುಳ್ಳಾದರೆ ತನಗೆ ಶೆಡ್ಡಿನ ಬಾಗಿಲೇ ಮುಚ್ಚಿದಂತೆ, ಆದರೆ ಈ ಕೈ ಸುಳ್ಳು ಹೇಳುತ್ತದೆಯೇ, ಇಷ್ಟು ವರ್ಷ ವಿಮಾನದ ಬೋಲ್ಟು ಬಿಗಿದ ಕೈ.

ಟಣ್ ಟಣ್, ಕಂಡಕ್ಟರ್ ಆಗಿ ನಿಂತ ರೂಪಾ ಹಗ್ಗ ಎಳೆದಳು, ಎರಡು ಗಂಟೆ ಎಂದರೆ ಹೊರಡು, ಎಲ್ಲರೂ ಹೋ ಎಂದರು, ಬಸ್ಸು ಮುಲುಗಿ ಮುಂದೆ ಸರಿಯಿತು, ಟಕ್ ಟಕ್ ಟಕ್, ಯಾರಿಗೂ ಕೇಳಿಸುತ್ತಿಲ್ಲವೇ, ಗೋಡೆಯ ಗೆರೆ ಹಿಂದೆ ಹಿಂದೆ ಸರಿಯುತ್ತ ಅವನನ್ನೇ ನೋಡುತ್ತಿದೆ, ಸಂಗಣ್ಣಾ ಗೆರಿ ಖಾಲಿ ಅದನೋ, ವಿಶ್ವನಾಥಪ್ಪನ ದನಿ, ಕಿವಿಗೆ ಬಾಯಿ ಹಚ್ಚಿದಷ್ಟು ಹತ್ತಿರ — ಅವನಿಗೇ ತಿಳಿಯದಂತೆ ಕೈ ಮೇಲೆ ಹೋಯಿತು, ಹಗ್ಗ ಜಗ್ಗಿತು, ಟಣ್, ಒಂದೇ ಗಂಟೆ, ಎಂದರೆ ನಿಲ್ಲು. ಬಸ್ಸು ನಿಂತಿತು, ಸಲೀಸಾಗಿ ನಿಂತಿತು, ಬ್ರೇಕಿಗೆ ಏನೂ ಆಗಿರಲಿಲ್ಲ. ರವಿಕಾಂತ ಎಂಜಿನ್ ಆರಿಸಿ ತಿರುಗಿ ನೋಡಿದ, ಎಲ್ಲರೂ ನೋಡಿದರು, ಚನ್ನಮ್ಮ ಎದ್ದು ಬಂದು ಅವನ ಮುಷ್ಟಿಯನ್ನು ಹಗ್ಗದಿಂದ ಮೆಲ್ಲಗೆ ಬಿಡಿಸಿದಳು, ಬಿಳಿ ಹಗ್ಗಕ್ಕೆ ಕಲೆ ಅಂಟಿತ್ತು, ಇದೇನ್ರಿ, ಕೈಗೆಲ್ಲಾ ಹಳದಿ ಬಣ್ಣ, ಇನ್ನಾ ಹಸೀ ಅದಲ್ರಿ.

ಹಸಿ, ಉಗುರಿನ ಸಂದಿಯಲ್ಲೂ ಹಳದಿ, ಯಾವಾಗ, ಈ ಕೈಯೇ, ಇಲ್ಲ, ವಿಶ್ವನಾಥಪ್ಪ ಬರೆದದ್ದು, ಅವನೇ, ಗೋಡೆಯ ಮೇಲೆ ಹಳದಿ ಗೆರೆ, ಸೊಟ್ಟ ಕುತ್ತಿಗೆ, ಹಳದಿ ಗೆರೆ, ಒಳಗೆ ಏನೂ ಇಲ್ಲ.