ಊರಿಗೆ ಮುಚ್ಚಿಟ್ಟರೂ ಡಾಕ್ಟರಿಗೆ ಮುಚ್ಚಿಡಬೇಡಿ

ಕಿರಂಗೂರಿನ ಮಂಚಮ್ಮನ ಬಾಯಲ್ಲಿ ಮಾತು ನಿಲ್ಲುವುದೇ ಅಪರೂಪ. ಅಂಥವಳು ಸೊಸೆ ಯಶೋಧ ಬಸುರಿ ಅನ್ನುವುದನ್ನು ಮಾತ್ರ ಯಾರಿಗೂ ಉಸುರಿರಲಿಲ್ಲ. ಮೂರು ತಿಂಗಳು ತುಂಬದೆ ಹೇಳಿದರೆ ಕಣ್ಣು ಬೀಳುತ್ತದಂತೆ.

ಯಶೋಧಳಿಗೆ ಮನಸ್ಸಿನ ಕಾಯಿಲೆ ಇತ್ತು. ಮೈಸೂರಿನ ಡಾಕ್ಟರು ಕೊಟ್ಟ ಮಾತ್ರೆಯಿಂದ ಈಗ ಚೆನ್ನಾಗಿದ್ದಳು. ಬಸುರಿನ ವಿಷಯ ಆ ಡಾಕ್ಟರಿಗೂ ಗೊತ್ತಿರಲಿಲ್ಲ. ಇಂಥ ಮಾತ್ರೆ ಮಗುವಿನ ಎದೆಗೆ ಕೆಟ್ಟದ್ದು ಅಂತ ಬಸ್ಸಿನಲ್ಲಿ ಯಾರೋ ಅಂದದ್ದೇ ತಡ, ಮಂಚಮ್ಮ ಮಾತ್ರೆಯನ್ನೆಲ್ಲ ತಿಪ್ಪೆಗೆ ಎಸೆದುಬಿಟ್ಟಳು.

ಯಶೋಧಳ ನಿದ್ದೆ ಹಾರಿತು. ಕೋಳಿ ಕೂಗುವ ಮೊದಲೇ ಎದ್ದು, ಗುಡಿಸಿದ ಅಂಗಳವನ್ನೇ ಮತ್ತೆ ಮತ್ತೆ ಗುಡಿಸತೊಡಗಿದಳು. ಹಿಂದೆ ಕಾಯಿಲೆ ಶುರುವಾದದ್ದೂ ಹೀಗೆಯೇ. ಗಾಬರಿಯಾದ ಮಂಚಮ್ಮ, ಲಸಿಕೆ ಹಾಕಲು ಬಂದ ನರ್ಸು ಇಂದ್ರಮ್ಮನನ್ನು ಒಳಗೆ ಎಳೆದುಕೊಂಡು ಎಲ್ಲ ಹೇಳಿದಳು.

"ಮಾತ್ರೆ ಕೊಟ್ರೆ ಮಗೀಗೆ ಕೇಡು, ಬುಟ್ರೆ ಇವಳ್ಗೆ ಕೇಡು. ನಾನೇನ್ ಮಾಡ್ಲವ್ವಾ?"

"ನಂಗೂ ಪೂರ್ತಿ ಗೊತ್ತಿಲ್ಲ ಕಣಕ್ಕಾ. ಇವತ್ತೇ ಆ ಡಾಕ್ಟ್ರತ್ರ ಓಗಿ. ಮೊದ್ಲೇ ಯಾಕ್ ಯೋಳ್ನಿಲ್ಲ?"

"ಮೂರ್ ತಿಂಗ್ಳು ತುಂಬ್ನಿಲ್ವಲ್ಲ."

"ಊರ್ಗೆ ಯೋಳ್ಬ್ಯಾಡಿ, ಸರಿ. ಡಾಕ್ಟ್ರೂ ಕಣ್ಣಾಕ್ತಾರಾ?"

ಯಶೋಧಳ ಗಂಡ ತಿಮ್ಮೇಶ ಆಲೆಮನೆಯಿಂದ ಓಡಿಬಂದ. ಮೂವರೂ ಮೈಸೂರಿನ ಬಸ್ಸು ಹತ್ತಿದರು.

"ನೋಡಿ ತಾಯಿ, ನೀವು ಮುಚ್ಚಿಡೋ ಆ ತಿಂಗಳುಗಳಲ್ಲೇ ಮಗುವಿನ ಹೃದಯ ರೂಪುಗೊಳ್ಳೋದು," ಅಂದರು ಡಾಕ್ಟರು. "ಈ ಮಾತ್ರೆಯಿಂದ ಕೆಲವು ಮಕ್ಕಳ ಹೃದಯಕ್ಕೆ ತೊಂದರೆ ಆಗಬಹುದು. ಹೆಚ್ಚಿನ ಮಕ್ಕಳಿಗೆ ಏನೂ ಆಗಲ್ಲ. ಆದ್ರೆ ದಿಢೀರಂತ ನಿಲ್ಲಿಸಿದ್ರೆ ತಾಯಿಗೆ ಕಾಯಿಲೆ ಮರುಕಳಿಸುತ್ತೆ."

"ಅಂಗಾರೆ ನಾನೇ ಕೆಡಿಸ್ಬುಟ್ನಾ ಸ್ವಾಮಿ?" ಮಂಚಮ್ಮನಿಗೆ ಅಳು ಒತ್ತರಿಸಿ ಬಂತು.

"ಕೆಟ್ಟಿದೆ ಅಂದವರ್ಯಾರು? ನೋಡೋಣ."

ಅವರು ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆಯನ್ನು ಮತ್ತೆ ಶುರುಮಾಡಿ, ಅದರ ಪ್ರಮಾಣ ಗೊತ್ತುಮಾಡಿಕೊಟ್ಟರು. ತಪ್ಪದೆ ಬರುತ್ತಿರಲು ಹೇಳಿದರು. ಯಶೋಧ ಮತ್ತೆ ನಿದ್ದೆ ಕಂಡಳು. ಐದನೇ ತಿಂಗಳಲ್ಲಿ ಮಗುವಿನ ಹೃದಯ ನೋಡುವ ಸ್ಕ್ಯಾನ್ ಆಯಿತು. ಪರದೆಯ ಮೇಲೆ ಏನೋ ಪಟಪಟನೆ ಬಡಿಯುತ್ತಿತ್ತು.

"ತೊಂದರೆ ಏನೂ ಕಾಣ್ತಿಲ್ಲ," ಅಂದರು ಡಾಕ್ಟರು. ಮಂಚಮ್ಮ ಸಂತೋಷಕ್ಕೆ ಅವರಿಗೆ ಕೈಮುಗಿದಳು.

ಯಶೋಧ ಮೆಲ್ಲಗೆ ಅಂದಳು, "ಅತ್ತೆ, ಇನ್ಮೇಲೆ ನನ್ ಮಾತ್ರೆ ನನ್ ಕೈಲೇ ಇರ್ಲಿ."

"ಇರ್ಲಿ ಕಣವ್ವ. ನಾನು ನೀರು ತಂದ್ಕೊಡ್ತೀನಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ಮಾತ್ರೆ ನುಂಗುವ ಹೆಣ್ಣುಮಗಳು ಇದ್ದಾಳೆಯೇ? ಮಗು ಬೇಕು ಅನ್ನಿಸಿದಾಗಲೇ ಡಾಕ್ಟರಿಗೆ ಹೇಳಿ. ಮುಟ್ಟು ನಿಂತಿದ್ದರೆ ಇವತ್ತೇ ಹೋಗಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ನೀವಾಗಿ ಹೆಚ್ಚು ಮಾಡಲೂಬೇಡಿ. ತಾಯಿಯೂ ಬೇಕು, ಮಗುವೂ ಬೇಕು. ಇಬ್ಬರನ್ನೂ ಕಾಯುವ ದಾರಿಯನ್ನು ಡಾಕ್ಟರನ್ನೇ ಕೇಳಿ.