ರವಿವಾರದ ಹಲಗಿ

ನೀಲಿ ಹೆಚ್ಚಾಗಿದೆ, ನಿನ್ನೆ ಶನಿವಾರ ಒಗೆಯುವಾಗ ಒಂದು ಚಿಟಿಕೆ ಹಾಕುವಲ್ಲಿ ಎರಡು ಬಿದ್ದಿರಬೇಕು, ಅಂಗಿಯ ಕಾಲರೆಲ್ಲ ನೀಲಿಗಟ್ಟಿದೆ, ಕಣ್ಣು ಮೊದಲಿನಂತಿಲ್ಲ, ಇರಲಿ, ಇವತ್ತು ಯಾವ ಬಣ್ಣದ ಅಂಗಿಯಾದರೂ ಚೆಂದವೇ, ಇವತ್ತು ರುದ್ರಗೌಡ ಸತ್ತಿದ್ದಾನೆ – ಮೈಲಾರಪ್ಪ ಹಿತ್ತಾಳೆ ತಂಬಿಗೆಗೆ ಒಲೆಯ ಕೆಂಡ ತುಂಬಿ, ಇಕ್ಕಳದಲ್ಲಿ ಅದರ ಬಾಯಿ ಹಿಡಿದು, ಕಾದ ತಳವನ್ನು ಅಂಗಿಯ ಬೆನ್ನಿಗೆ ಒತ್ತಿದ, ಸುಯ್ ಎಂದು ಆವಿ ಎದ್ದಿತು, ಸತ್ತಿದ್ದಾನೆ, ಬೆಳಗಿನ ಜಾವವಂತೆ, ಹಾಲು ತರಲು ಹೋದ ಹೆಂಡತಿ ಯಂಕವ್ವ ಚರಿಗೆ ಇಳಿಸುವ ಮೊದಲೇ ಸುದ್ದಿ ಇಳಿಸಿದಳು, ಕೇಳಿದ್ರ್ಯಾ, ಗೌಡ್ರು ಹೋದ್ರಂತ, ಗೌಡ್ರು ಅಲ್ಲ, ಗೌಡ ಹೋದ ಅನ್ನು, ಸತ್ತವರಿಗೆ ಹಂಗ ಅನಬಾರದ್ರಿ, ನೀವ ಹೇಳ್ತೀರಲ್ಲ ಪ್ರತಿ ರವಿವಾರ, ಹೌದು, ಹೇಳುತ್ತೇನೆ, ವೈರ ಬಿಡ್ರಿ, ವೈರ ಇಟ್ಟುಕೊಂಡವನ ಮನಿನ ಮೊದಲು ಸುಡ್ತೈತಿ ಎಂದು ಇನ್ನೊಂದು ತಾಸಿಗೆ ಓಣಿಯ ಜನರನ್ನೆಲ್ಲ ಬುದ್ಧವಂದನೆಗೆ ಕೂಡಿಸಿಕೊಂಡು ಹೇಳಲಿಕ್ಕಿದ್ದೇನೆ, ಪುರಾಣ ಹೇಳೋಕೆ ಬದನೆಕಾಯಿ ತಿನ್ನೋಕೆ, ಆ ಬದನೆಕಾಯಿಯನ್ನೇ ಯಂಕವ್ವ ಒಳಗೆ ಎಣಗಾಯಿಗೆ ಸೀಳುತ್ತಿದ್ದಾಳೆ, ನಿನ್ನೆ ಸಂತೆಯಲ್ಲಿ ತಾನೇ ಆರಿಸಿ ತಂದದ್ದು, ಒಂದೂ ಹುಳುಕಿಲ್ಲ, ಗೌಡನಿಗೂ ಒಂದು ಹುಳುಕು ಬರಲಿಲ್ಲ ಕಡೆಯ ತನಕ, ಹೊಲದಲ್ಲಿ ಖೋಲಿ ಕಟ್ಟಿಸಿ ಯೂನಿವರ್ಸಿಟಿ ಹುಡುಗರಿಗೆ ಬಾಡಿಗೆ ಕೊಟ್ಟು, ತುಪ್ಪ ಉಂಡು, ನಿದ್ದೆಯಲ್ಲೇ ಹೋದ, ಹಾಸಿಗೆಯಲ್ಲಿ ಒಂದು ತಿಂಗಳಾದರೂ ನರಳಬೇಡವೇ ಮಗ – ತೋಳು ಮುಗಿಯಿತು, ಇನ್ನೊಂದು ತೋಳು, ಕೆಂಡ ಊದಿದರೆ ಬೂದಿ ಹಾರಿ ಅಂಗಿಯ ಮೇಲೆ ಕೂತೀತು, ಮೆಲ್ಲಗೆ.

ಮಾವಾರ, ಎಂದು ಹೊಸ್ತಿಲಲ್ಲಿ ನೀಲಪ್ಪ, ಅಕ್ಕನ ಮಗ, ಓಡಿ ಬಂದಿದ್ದಾನೆ, ಎದೆ ಏರಿಳಿಯುತ್ತಿದೆ, ಗೌಡರ ಮೊಮ್ಮಗ ತಾನ ಬಂದಾನ್ರಿ, ನಮ್ಮ ಓಣಿ ಕಟ್ಟಿ ಮ್ಯಾಲ ಕುಂತಾನ, ಹೆಣದ ಮುಂದ ಬಾರಿಸಾಕ ಹಲಗಿ ಕಳಸ್ರಿ ಅಂತ ಕೇಳಾಕತ್ತಾನ, ಹಲಗಿ ಇಲ್ದ ಹೆಣ ಎತ್ತಬ್ಯಾಡ್ರಿ ಅಂತ ಗೌಡತಿ ಮುದುಕಿ ಹಟ ಹಿಡದಾಳಂತ, ಏನ್ ಹೇಳ್ಲಿ? ಏನು ಹೇಳುವುದು, ಓಣಿಯವರೆಲ್ಲ ಬುದ್ಧನಿಗೆ ಶರಣಾದ ವರ್ಷ ಇದೇ ಅಂಗಳದಲ್ಲಿ ನಿಂತು ಹೇಳಿದವನು ತಾನೇ, ಇನ್ನ ಯಾರ ಹೆಣದ ಮುಂದೂ ನಮ್ಮ ಹಲಗಿ ನಡಿಯೂದಿಲ್ಲ, ಅಂದು ಓಣಿಯ ಹಲಗಿಗಳೆಲ್ಲ ನೀರೊಲೆಗೆ ಹೋದವು, ಅಪ್ಪನದೊಂದು ಉಳಿಯಿತು, ತೊಗಲು ಗಟ್ಟಿ ಐತಿ, ಜ್ವಾಳದ ಗಡಿಗಿ ಮುಚ್ಚಾಕ ಬರ್ತೈತಿ ಎಂದು ಯಂಕವ್ವ ಕಸಿದುಕೊಂಡಳು, ಈಗಲೂ ಮೂಲೆಯಲ್ಲಿ ಗಡಿಗೆಯ ಮೇಲೆ ಕೂತಿದೆ, ಇಲಿಗೂ ಅಂಜದ ಮುಚ್ಚಳ, ಮೈಲಾರಪ್ಪನ ಕಣ್ಣು ಅತ್ತ ಹೋಯಿತು, ಕೆಂಡ ಇಲ್ಲೇ ಇದೆ, ತೊಗಲಿಗೆ ಒಂದಿಷ್ಟು ಕಾವು ತೋರಿಸಿದರೆ ಸಾಕು, ಬಿಗಿಯಾಗುತ್ತದೆ, ಅಪ್ಪ ಹುಲ್ಲು ಉರಿಸಿ ಕಾಯಿಸುತ್ತಿದ್ದ, ಆವತ್ತೂ ಕಾಯಿಸಿದ, ತಂಗಿ ಸಾವಕ್ಕನ ಪಕ್ಕದಲ್ಲೇ ಹುಲ್ಲು ಉರಿಸಿ – ನಿಲ್ಲು ನೀಲಪ್ಪಾ, ಅಂಗಿ ಮುಗೀಲಿ.

ಆವತ್ತು ರುದ್ರಗೌಡನ ಮದುವೆ, ಸಪ್ತಾಪುರಕ್ಕೆಲ್ಲ ಊಟ, ಹಿಂದಿನ ವಾರವೆಲ್ಲ ಓಣಿಯ ಹುಡುಗರಿಗೆ ಮದುವೆಯ ಆಟವೇ ಆಟ, ತಾನು ತಂಗಿಯನ್ನು ಮದುಮಗಳು ಮಾಡಿ, ಅವ್ವನ ಹರಿದ ಸೀರೆಯಿಂದ ಕೆಂಪು ದಾರ ಹಿರಿದು ಕಾಲ್ಬೆರಳಿಗೆ ಸುತ್ತಿ, ಇದು ಕಾಲುಂಗುರ, ಬಿಚ್ಚಬ್ಯಾಡ ಎಂದದ್ದು, ಅವಳು ಬಿಚ್ಚಲಿಲ್ಲ, ವಾಂತಿಭೇದಿ ಹಿಡಿದು ಮದುವೆಯ ದಿನ ಮಧ್ಯಾಹ್ನ ತಣ್ಣಗಾದಳು, ಅಪ್ಪ ಮದುಮಗನ ಕುದುರೆಯ ಹತ್ತಿರ ಹೋಗಿ ನೆಲಕ್ಕೆ ಬಿದ್ದ, ಯಪ್ಪಾ, ಕೂಸಿಂದು ಮಣ್ಣು ಮಾಡಿ ಬರ್ತೇನ್ರಿ, ಒಂದ್ ತಾಸು ಬಿಡ್ರಿ, ಬಾಸಿಂಗ ಕಟ್ಟಿಕೊಂಡ ರುದ್ರಗೌಡ ಎಲೆ ಅಡಿಕೆ ಅಗಿಯುತ್ತ, ಸತ್ತ ಕೂಸು ಎಲ್ಲಿ ಓಡಿ ಹೊಕ್ಕೈತೊ, ಮೊದಲ ಮೆರವಣಿಗಿ ಮುಗೀಲಿ ಎಂದ, ಸುತ್ತ ನಿಂತವರು ನಕ್ಕರು, ಅಪ್ಪ ಮನೆಗೆ ಬಂದು ಹಲಗಿ ಕಾಯಿಸಿಕೊಂಡು ಹೋದ, ಊರು ಕುಣಿಯಿತು, ಇಲ್ಲಿ ತಾನು ಬೇವಿನ ಟೊಂಗೆ ಹಿಡಿದು ನೊಣ ಅಟ್ಟುತ್ತ ಕೂತದ್ದು, ಕೌದಿ ಗಿಡ್ಡ, ಅವ್ವ ಮುಖ ಮುಚ್ಚಿದರೆ ಪಾದ ಹೊರಗೆ ಬರುತ್ತಿತ್ತು, ಪಾದ ಮುಚ್ಚಿದರೆ ಮುಖ, ಕಡೆಗೆ ಅವ್ವ ಮುಖ ಮುಚ್ಚಿ ಬಿಟ್ಟಳು, ಪಾದ ಹೊರಗೇ ಉಳಿಯಿತು, ಬೆರಳಿಗೆ ಕೆಂಪು ದಾರ, ದೂರದಲ್ಲಿ ಅಪ್ಪನ ಹಲಗಿ, ಅಂದೇ ಆಣೆ ಇಟ್ಟುಕೊಂಡದ್ದು, ಈ ಗೌಡನ ಹೆಣದ ಮುಂದೆ ನಾನು ಬಾರಿಸುತ್ತೇನೆ, ಹೆಣದ ಪೆಟ್ಟಲ್ಲ, ಅದೇ ಮದುವೆಯ ಪೆಟ್ಟು, ಕುಣಿಕುಣಿದು ಬಾರಿಸುತ್ತೇನೆ.

ಈಗ ಹೆಣ ಬಿದ್ದಿದೆ, ಹಲಗಿ ಇದೆ, ಕೆಂಡವಿದೆ, ಕೈಗೆ ಇನ್ನೂ ಪೆಟ್ಟು ನೆನಪಿದೆ, ಬಟ್ಟೆಯ ಮೇಲೇ ಬೆರಳು ಕುಣಿಯುತ್ತಿವೆ ನೋಡು ಮುದಿ ಬೆರಳು, ಆದರೆ ಬಾರಿಸಿದರೆ ಜನ ಏನೆನ್ನುತ್ತಾರೆ, ಸೇಡು ಎನ್ನುತ್ತಾರೆಯೇ, ಮೈಲಾರಪ್ಪ ಎಷ್ಟಾದರೂ ಗೌಡರ ಋಣ ಮರೆಯಲಿಲ್ಲ ಎನ್ನುತ್ತಾರೆ, ಮುದುಕಿ ಕಣ್ಣೊರೆಸಿಕೊಂಡು ಸೀರೆ ಕೊಟ್ಟಾಳು ಯಂಕವ್ವನಿಗೆ, ಓಣಿಯ ಜನ ಹಲಗಿ ಸುಟ್ಟ ಬೂದಿ ತನ್ನ ಮುಖಕ್ಕೆ ಎರಚಿಯಾರು, ಬಾರಿಸದಿದ್ದರೆ ಗೌಡ ಸುಮ್ಮನೆ ಮಣ್ಣು ಸೇರುತ್ತಾನೆ, ಆಣೆ ಇಲ್ಲೇ ಕೊಳೆಯುತ್ತದೆ, ತಾನೇ ಕಟ್ಟಿದ ಬೇಲಿ ತನ್ನನ್ನೇ ತಡೆಯಿತಲ್ಲ, ಸುಟ್ಟ ವಾಸನೆ, ಅಯ್ಯೋ ಅಂಗಿ, ತಂಬಿಗೆ ಎತ್ತಿದರೆ ಬೆನ್ನಿನ ನಡುವೆ ದುಂಡಗೆ ಕಂದು ಕಲೆ, ಮತ್ತು ಆಗ, ಕಲೆಯನ್ನು ನೋಡುತ್ತಿದ್ದಾಗಲೇ, ಮಾತು ಬಂತು – ಅದೇ ಮಾತು, ಗೌಡನದೇ ಮಾತು, ಇಷ್ಟು ದಿನ ಎಲ್ಲಿತ್ತು, ಬಾರಿಸುವುದೂ ಬೇಡ, ಇಲ್ಲ ಎನ್ನುವುದೂ ಬೇಡ, ಕೂತು ಕಾಯಲಿ ಹೆಣ, ಬಿಸಿಲೇರಲಿ, ಹೂವು ಬಾಡಲಿ, ಎಷ್ಟು ಸಿಹಿಯಾಗಿದೆ ನಾಲಿಗೆಗೆ, ಮೈಲಾರಪ್ಪ ಕಲೆ ಬಿದ್ದ ಅಂಗಿಯನ್ನೇ ತೊಟ್ಟುಕೊಂಡು ಗುಂಡಿ ಹಾಕಿ ಹೊರಗೆ ಬಂದ.

ಕಟ್ಟೆಯ ಮೇಲಿದ್ದ ಮೊಮ್ಮಗ ಎದ್ದು ನಿಂತ, ಮೂವತ್ತರ ಆಸುಪಾಸು, ಬರಿಗಾಲು, ಅತ್ತು ಕೆಂಪಾದ ಕಣ್ಣು, ಅಜ್ಜಾರ, ನೀವು ಹ್ಞೂಂ ಅಂದ್ರ, ಎಂದು ಕೈ ಮುಗಿದ, ಮುಗಿಯಲಿ, ಇನ್ನೂ ಬಗ್ಗಲಿ, ಓಣಿಯ ಜನ ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ, ಎಲ್ಲರಿಗೂ ಕೇಳಬೇಕು, ಮೈಲಾರಪ್ಪ ದನಿ ಎತ್ತಿದ, ಮೊದಲ ನಮ್ಮ ವಂದನಾ ಮುಗೀಲಿ ತಮ್ಮಾ, ಸತ್ತವರು ಎಲ್ಲಿ ಓಡಿ ಹೋಗ್ತಾರ? ಹಿಂದೆ ನೀಲಪ್ಪ ಕಿಸಕ್ಕನೆ ನಕ್ಕ, ಇನ್ಯಾರೋ ನಕ್ಕರು, ಮೊಮ್ಮಗ ಮಾತ್ರ ತಲೆ ತಗ್ಗಿಸಿ ಆಗಲ್ರಿ ಎಂದು ಮತ್ತೆ ಕೂತ, ಅಪ್ಪನೂ ಹೀಗೆಯೇ, ಆಗಲ್ರಿ ಎಂದೇ ಎದ್ದು ಬಂದಿದ್ದ, ಆ ನಗು ಇದೇ ನಗು, ಆ ದನಿ, ಎಲೆ ಅಡಿಕೆ ಅಗಿಯುತ್ತ ಕುದುರೆಯ ಮೇಲಿಂದ ಬಂದ ದನಿ, ಈಗ ಯಾರ ಬಾಯಿಂದ ಬಂತು, ಗೌಡನಿಗೆಂದೇ ಆಡಿದ್ದು, ಗೌಡನಿಗೇ, ಆದರೆ ಆ ಮಾತಿಗೆ ಗೊತ್ತಿರುವ ಹೆಣ ಒಂದೇ, ಸತ್ತ ಕೂಸು ಎಲ್ಲಿ ಓಡಿ, ಇಲ್ಲ ತಂಗೀ, ನಿನಗಲ್ಲ, ನಿನಗೆ ಅಂದದ್ದಲ್ಲ, ಜನ ವಂದನೆಗೆ ಕೂಡುತ್ತಿದ್ದಾರೆ, ಚಾಪೆ ಹಾಸುತ್ತಿದ್ದಾರೆ, ಬರ್ರಿ ಮಾವಾರ, ಶುರು ಮಾಡ್ರಿ, ಶುರು ಮಾಡಬೇಕು, ಯಾವ ಮಾತಿನಿಂದ, ಕೌದಿ ಗಿಡ್ಡ, ಮುಖ ಮುಚ್ಚಿದರೆ ಪಾದ, ಚಿಕ್ಕ ಪಾದ, ಬೆರಳಿಗೆ ಕೆಂಪು ದಾರ, ಬಿಚ್ಚಬ್ಯಾಡ ಎಂದದ್ದು, ಬಿಚ್ಚಿಲ್ಲ, ಪಾದ, ಕೆಂಪು ದಾರ